ದಕ್ಷಿಣಕ್ಕೆ ಯಾರು?

ಮೊನ್ನೆ ಭಾನುವಾರ ಅಡುಗೆ ಮಾಡುವ ಮನಸ್ಸಾಗದೆ ಫೋನಿನಲ್ಲೇ ಬಿರಿಯಾನಿಗೆ ಹೇಳಿ ಕಾಯುತ್ತ ಕುಳಿತಿದ್ದೆ. ತಂದುಕೊಡುವವನು ಯಾವುದೋ ತಿರುವಿನಲ್ಲಿ ಸಿಕ್ಕಿಕೊಂಡು ಫೋನ್ ಮಾಡಿದ. ‘ಮೇಡಂ, ಲೊಕೇಶನ್ ಕೆರೆ ಮೇಲೆ ತೋರಿಸ್ತಿದೆ. ನಿಮ್ಮನೆ ಎಲ್ಲಿ ಬರತ್ತೆ?’ ಎಂದು ಕೇಳಿದ. ನಾನು ತಡಮಾಡದೆ, ‘ನೋಡಿ, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಟೀಚರಮ್ಮನ ಮನೆ, ಉತ್ತರಕ್ಕೆ ಖಾಲಿ ಸೈಟು, ದಕ್ಷಿಣಕ್ಕೆ ಇಸ್ತ್ರಿ ಅಂಗಡಿ’ ಎಂದೆ. ಅವನು ಬಹಳ ತಾಳ್ಮೆಯಿಂದ, ‘ಮೇಡಂ, ಗೇಟ್ ಯಾವ ಕಲರ್ ಹೇಳಿ, ಸಾಕು’ ಎಂದ.

ಬಿರಿಯಾನಿ ಆರಿಯೇ ಬಂತು. ಅದನ್ನು ತಿನ್ನುತ್ತ ನನ್ನ ಗಂಡ, ‘ನಿನ್ನ ಕೈಲಿ ಅಡ್ರೆಸ್ ಕೇಳೋದೂ ಒಂದೇ, ರಿಜಿಸ್ಟ್ರೇಷನ್ ಮಾಡ್ಸೋದೂ ಒಂದೇ’ ಎಂದರು. ಅವರ ಮಾತು ಸುಳ್ಳಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಕೇಳಿದರೂ ‘ನೀರಿನ ಜಗ್ಗಿನ ಉತ್ತರಕ್ಕೆ’ ಎಂದೇ ನನ್ನ ಬಾಯಿಗೆ ಬರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತರೆ ಎಡಕ್ಕೆ ಯಾರು, ಬಲಕ್ಕೆ ಯಾರು ಎಂದು ನೋಡಿಕೊಳ್ಳದೆ ಎಲೆಗೆ ಕೈ ಹಾಕುವುದಿಲ್ಲ. ಇದು ಹುಟ್ಟಿನಿಂದ ಬಂದದ್ದಲ್ಲ, ಶಿವಾಜಿನಗರದ ಒಂದು ಮಹಡಿಯ ಮೇಲೆ ಅಂಟಿಸಿಕೊಂಡದ್ದು.

ಮನೆಯನ್ನೋ ಸೈಟನ್ನೋ ಕೊಂಡವರಿಗೆ ಚೆಕ್ಕುಬಂದಿ ಎಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಆಸ್ತಿಯ ಪತ್ರದ ಕೊನೆಯಲ್ಲಿ, ಎಲ್ಲರೂ ಓದಿ ಓದಿ ಸುಸ್ತಾಗಿ ಆಕಳಿಸುವ ಹೊತ್ತಿಗೆ, ಆ ಜಾಗದ ನಾಲ್ಕು ದಿಕ್ಕಿಗೆ ಏನೇನಿದೆ, ಯಾರ್‍ಯಾರಿದ್ದಾರೆ ಎಂದು ಬರೆದಿರುತ್ತದೆ. ಅದೇ ಚೆಕ್ಕುಬಂದಿ. ನಿಮ್ಮ ಜಾಗ ಯಾವುದು ಎಂಬುದನ್ನು ಕಾನೂನು ನಿಮ್ಮ ಜಾಗದ ಬಗ್ಗೆ ಮಾತಾಡಿ ಹೇಳುವುದಿಲ್ಲ. ಪಕ್ಕದವರ ಹೆಸರು ಹೇಳಿ ಹೇಳುತ್ತದೆ. ಅದರಲ್ಲಿ ಒಂದು ಬಗೆಯ ವಿನಯವಿದೆ ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಮಾತ್ರ ಶುದ್ಧ ತಲೆನೋವು ಎನ್ನಿಸಿತ್ತು.

ಕಾನೂನು ಓದಿ ಮುಗಿಸಿದಾಗ ನನ್ನ ಮನಸ್ಸಿನಲ್ಲಿದ್ದ ಚಿತ್ರವೇ ಬೇರೆ. ಕಪ್ಪು ಕೋಟು ಹಾಕಿಕೊಂಡು ಕೈಬೀಸಿ ವಾದ ಮಾಡುತ್ತೇನೆ, ಎದುರಿನವರು ಬೆವರು ಒರೆಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದ್ದೆ. ಕೊನೆಗೆ ನನ್ನನ್ನು ಸೇರಿಸಿಕೊಂಡದ್ದು ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಬಟ್ಟೆ ಅಂಗಡಿಯ ಮೇಲಿದ್ದ ಒಂದು ಚಿಕ್ಕ ಲಾ ಫರ್ಮು. ಅಲ್ಲಿ ಆಸ್ತಿ ಪತ್ರಗಳದೇ ಕೆಲಸ. ಬೆಳಗಿನ ಹೊತ್ತು ಮಲ್ಲಿಗೆಯ ವಾಸನೆ, ಮಧ್ಯಾಹ್ನ ಮಾಂಸದ ಅಂಗಡಿಗಳ ವಾಸನೆ, ಸಂಜೆ ಕೆಳಗಿನಿಂದ ಹೊಸ ಬಟ್ಟೆಯ ಗಂಜಿ ವಾಸನೆ. ಮೊದಲ ದಿನ ಕೋಟು ಹಾಕಿಕೊಂಡು ಹೋದ ನನ್ನ ಕೈಗೆ ಸೀನಿಯರ್ ಜಬ್ಬಾರ್ ಸಾರ್ ಒಂದು ಅಳತೆ ಟೇಪು ಮತ್ತು ಕೊಡೆ ಕೊಟ್ಟರು.

ಜಬ್ಬಾರ್ ಸಾರ್‌ಗೆ ಆಗಲೇ ಕೂದಲು ಪೂರ್ತಿ ನೆರೆತಿತ್ತು. ಮನೆಯಲ್ಲಿ ದಖನಿ ಉರ್ದು, ಕಕ್ಷಿದಾರರ ಹತ್ತಿರ ಅವರವರ ಭಾಷೆ, ಬರೆಯುವಾಗ ಮಾತ್ರ ತಪ್ಪಿಲ್ಲದ ಕನ್ನಡ. ನನ್ನನ್ನು ಮೊದಲ ದಿನದಿಂದ ‘ಬೇಟಾ’ ಎಂದೇ ಕರೆದರು. ಬೈಯುವಾಗಲೂ ಅದೇ ಪದ. ಹಾಗಾಗಿ ಬೈಯುತ್ತಿದ್ದಾರೋ ಇಲ್ಲವೋ ಎಂದು ತಿಳಿಯಲು ಅವರ ಚಹಾದ ಲೋಟ ನೋಡಬೇಕಾಗಿತ್ತು. ಕೋಪ ಬಂದರೆ ಅದನ್ನು ಮೇಜಿನ ಆ ತುದಿಗೆ ಸರಿಸುತ್ತಿದ್ದರು.

ಅವರದು ಒಂದು ನಿಯಮ. ಹಳೆಯ ಪತ್ರ ನೋಡಿ ಚೆಕ್ಕುಬಂದಿ ನಕಲು ಮಾಡಕೂಡದು. ಹೋಗಿ ಆ ಜಾಗದಲ್ಲಿ ನಿಲ್ಲಬೇಕು. ಒಂದೊಂದು ದಿಕ್ಕಿಗೂ ತಿರುಗಬೇಕು. ಅಲ್ಲಿ ಇರುವವರಲ್ಲಿ ಯಾರನ್ನಾದರೂ ಹಿಡಿದು, ‘ಇದರ ಪಕ್ಕ ಯಾರು?’ ಎಂದು ಕೇಳಬೇಕು. ಅವರು ಹೇಳಿದ್ದನ್ನು ಬರೆದುಕೊಂಡು ಬಂದು, ಆಮೇಲೆ ಕಾಗದದ ಜೊತೆ ಹೋಲಿಸಬೇಕು. ಊರೆಲ್ಲ ಮಾಡುವುದು ಇದರ ತಿರುವುಮುರುವು. ತಾತನ ಕಾಲದ ಪತ್ರದಲ್ಲಿ ‘ಪೂರ್ವಕ್ಕೆ ಹುಣಸೆ ಮರ’ ಎಂದಿದ್ದರೆ ಮೊಮ್ಮಗನ ಪತ್ರದಲ್ಲೂ ಹುಣಸೆ ಮರವೇ ಇರುತ್ತದೆ. ಅಲ್ಲಿ ಹೋಗಿ ನೋಡಿದರೆ ಮರವಿದ್ದ ಕಡೆ ಮೊಬೈಲ್ ಅಂಗಡಿ. ಪಶ್ಚಿಮಕ್ಕೆ ಚಿನ್ನಪ್ಪನವರ ಮನೆ ಎಂದಿರುತ್ತದೆ, ಚಿನ್ನಪ್ಪನವರು ಹೋಗಿ ಯಾವ ಕಾಲವಾಯಿತೋ, ಅವರ ಮನೆಯನ್ನು ಕೆಡವಿ ಕಟ್ಟಿದ್ದನ್ನೂ ಕೆಡವಿ ಆಗಿರುತ್ತದೆ. ಅಂಥ ಕಡೆ ಜಬ್ಬಾರ್ ಸಾರ್ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು ಹೇಳುತ್ತಿದ್ದರು: ‘ಸತ್ತೋರು ಪಕ್ಕದ ಮನೇಲಿ ಇರಲ್ಲ ಬೇಟಾ. ಈಗ ಯಾರಿದಾರೆ, ಅದು ಬೇಕು.’

ನನ್ನ ಮೊದಲ ಚೆಕ್ಕುಬಂದಿ ಹಲಸೂರಿನ ಒಂದು ಹಳೆಯ ಮನೆಯದು. ಹೋಗಿ ನಿಂತೆ, ತಿರುಗಿದೆ, ಶ್ರದ್ಧೆಯಿಂದ ಬರೆದುಕೊಂಡು ಬಂದೆ. ಸಾರ್ ಓದಿದರು. ಲೋಟ ಮೇಜಿನ ಆ ತುದಿಗೆ ಹೋಯಿತು.

‘ಪೂರ್ವಕ್ಕೆ ಹಸು ಕಟ್ಟುವ ಜಾಗ ಅಂತ ಬರ್ದಿದೀಯ.’

‘ಹಸು ಇತ್ತು ಸಾರ್.’

‘ಹಸು ಇತ್ತು, ಸರಿ. ಹಸು ಯಾರ್ದು?’

‘ಕೇಳಲಿಲ್ಲ ಸಾರ್.’

‘ಸಾಯಂಕಾಲ ಹಸು ಮನೆಗೆ ಹೋಗತ್ತೆ ಬೇಟಾ. ಆಮೇಲೆ ನಮ್ಮ ಕಕ್ಷಿದಾರನ ಪೂರ್ವಕ್ಕೆ ಏನಿರತ್ತೆ?’

ಮರುದಿನ ಮತ್ತೆ ಹೋದೆ. ಹಸುವಿನ ಒಡತಿ ನನ್ನನ್ನು ಹಾಲಿನ ಗಿರಾಕಿ ಎಂದು ತಿಳಿದು ಅರ್ಧ ಲೀಟರ್ ಅಳೆದೇ ಬಿಟ್ಟಳು. ಬೇಡ ಎನ್ನಲು ಸಂಕೋಚವಾಗಿ ತೆಗೆದುಕೊಂಡೆ. ಆ ಹಾಲನ್ನು ಹಿಡಿದುಕೊಂಡು ಬಸ್ಸಿನಲ್ಲಿ ನಿಂತು ಬಂದ ವಕೀಲೆಯನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಆಫೀಸಿನಲ್ಲಿ ಎಲ್ಲರಿಗೂ ಅವತ್ತು ಒಳ್ಳೆಯ ಚಹಾ ಸಿಕ್ಕಿತು.

ದಿಕ್ಕಿನದೂ ಒಂದು ರಗಳೆ. ಶಿವಾಜಿನಗರದ ಗಲ್ಲಿಗಳಲ್ಲಿ ಸೂರ್ಯ ಕಾಣುವುದೇ ಅಪರೂಪ, ಮೇಲೆ ನೋಡಿದರೆ ಒಣಹಾಕಿದ ಬಟ್ಟೆ ಮತ್ತು ಕೇಬಲ್ಲು. ಫೋನಿನ ದಿಕ್ಸೂಚಿಯನ್ನು ಸಾರ್ ನಂಬುತ್ತಿರಲಿಲ್ಲ. ‘ದಿಕ್ಕು ತಪ್ಪಿದ್ರೆ ಯಾವುದಾದ್ರೂ ಮಸೀದಿ ನೋಡು, ನಮಾಜಿಗೆ ನಿಂತೋರ ಮುಖ ಪಶ್ಚಿಮಕ್ಕೆ. ಇಲ್ಲಾಂದ್ರೆ ಗುಡಿ ನೋಡು, ದೇವರ ಮುಖ ಸಾಮಾನ್ಯ ಪೂರ್ವಕ್ಕೆ. ಎರಡೂ ಒಂದೇ ಬೀದೀಲಿದ್ರೆ ನಿನ್ನ ಪುಣ್ಯ’ ಎಂದಿದ್ದರು. ನಮ್ಮ ದಂಡುಪ್ರದೇಶದಲ್ಲಿ ಆ ಪುಣ್ಯಕ್ಕೆ ಬರವಿಲ್ಲ. ಹಾಗೆ ದೇವರುಗಳ ಸಹಾಯದಿಂದಲೇ ನಾನು ದಿಕ್ಕು ಕಲಿತೆ.

ಈ ಕೆಲಸಕ್ಕೆ ನಾನು ಹೊಸಬಳೇನೂ ಅಲ್ಲ ಎಂದು ಗೊತ್ತಾಗಿದ್ದು ಸ್ವಲ್ಪ ತಡವಾಗಿ. ನಾವು ರಾಮಮೂರ್ತಿ ನಗರದಲ್ಲಿ ಬಾಡಿಗೆ ಮನೆಗಳಲ್ಲಿ ಬೆಳೆದವರು. ಅಪ್ಪ ಫ್ಯಾಕ್ಟರಿಯ ವ್ಯಾನು ಓಡಿಸುತ್ತಿದ್ದರು. ಮಾಲೀಕರ ಮಗನಿಗೆ ಮದುವೆ ಗೊತ್ತಾದರೆ, ಅಥವಾ ಮಾಲೀಕರ ಹೆಂಡತಿಗೆ ನಮ್ಮಮ್ಮ ಹಾಕುವ ರಂಗೋಲಿ ಹಿಡಿಸದಿದ್ದರೆ, ನಾವು ಮುಂದಿನ ಬೀದಿಗೆ ಹೊರಡುತ್ತಿದ್ದೆವು. ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ಸಂಜೆ ಅಮ್ಮ ಚಿಕ್ಕ ಲೋಟಗಳಲ್ಲಿ ಪಾಯಸ ಹಾಕಿ, ನನ್ನ ಕೈಗೆ ತಟ್ಟೆ ಕೊಟ್ಟು, ಸುತ್ತಲ ಮನೆಗಳಿಗೆ ಕರೆದುಕೊಂಡು ಹೋಗುತ್ತಿದ್ದಳು. ‘ಪಕ್ಕದ ಮನೆಗೆ ಬಂದಿದೀವಿ ಕಣ್ರೀ’ ಎನ್ನುವಳು. ರಾತ್ರಿ ಅಪ್ಪನಿಗೆ ವರದಿ: ಈ ಕಡೆ ಪುಷ್ಪಕ್ಕ, ಕರಿಬೇವಿನ ಗಿಡ ಇದೆ. ಆ ಕಡೆಯವರು ಮಾತು ಕಡಿಮೆ, ಆದರೆ ಒಳ್ಳೆಯವರ ಹಾಗಿದ್ದಾರೆ. ಹಿಂದುಗಡೆ ನಾಯಿ ಇದೆ. ಎದುರಿನವರು ತಮಿಳರು, ಇಡ್ಲಿ ಹಿಟ್ಟು ರುಬ್ಬಿ ಕೊಡುತ್ತಾರಂತೆ. ಒಂದು ಅಡಿ ಜಾಗವೂ ನಮ್ಮ ಹೆಸರಿನಲ್ಲಿ ಇರಲಿಲ್ಲ, ಚೆಕ್ಕುಬಂದಿ ಮಾತ್ರ ಪಕ್ಕಾ. ಇದನ್ನು ಜಬ್ಬಾರ್ ಸಾರ್‌ಗೆ ಹೇಳಿದಾಗ ಅವರು, ‘ನಿಮ್ಮಮ್ಮನ್ನ ಆಫೀಸಿಗೆ ಕಳ್ಸು, ನೀನು ಮನೇಲಿರು’ ಎಂದರು.

ಅಕ್ಕಯ್ಯಮ್ಮ ಬಂದದ್ದು ನಾನು ಅಲ್ಲಿ ಒಂದಷ್ಟು ಪಳಗಿದ ಮೇಲೆ. ಗರುಡಾಚಾರ್‌ಪಾಳ್ಯದ ಕಡೆಯ ಹಳೆಯ ಊರಿನ ಹೆಂಗಸು. ಮದುವೆಯಾಗಿ ಕೆ.ಆರ್. ಪುರದ ಆಚೆ ಇದ್ದರು. ಜೊತೆಯಲ್ಲಿ ಅವರ ತಮ್ಮ ಮುನಿರಾಜಣ್ಣ. ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಅವರ ಅಪ್ಪನ ಹೊಲದ ಸುತ್ತ ಈಗ ಕಂಪನಿಗಳು ಎದ್ದಿದ್ದವು. ಹೊಲವನ್ನು ಒಬ್ಬ ಬಿಲ್ಡರಿಗೆ ಕೊಡುವ ಮಾತಾಗಿತ್ತು. ಅದಕ್ಕೆ ಮೊದಲು ಅಕ್ಕ ತನ್ನ ಪಾಲನ್ನು ತಮ್ಮನಿಗೆ ಬಿಟ್ಟುಕೊಟ್ಟು ಸಹಿ ಹಾಕಬೇಕು. ಹಕ್ಕು ಬಿಡುಗಡೆ ಪತ್ರ ಎನ್ನುತ್ತಾರೆ. ಆ ಕಡೆಯ ಮನೆಗಳಲ್ಲಿ ಅಕ್ಕತಂಗಿಯರು ತವರು ಕೆಡಬಾರದು ಎಂದು ಹೀಗೆ ಬಿಟ್ಟುಕೊಡುವುದು ಬಹಳ. ಮುನಿರಾಜಣ್ಣ ಪತ್ರವನ್ನು ಎಲ್ಲೋ ಬರೆಸಿಕೊಂಡೇ ಬಂದಿದ್ದರು. ಸಾರ್ ಒಮ್ಮೆ ನೋಡಿ ನನ್ನ ಕೈಗಿಟ್ಟು, ‘ಮೊದಲು ಅಮ್ಮನಿಗೆ ಓದಿ ಹೇಳು. ನಾಳೆ ಜಾಗ ನೋಡ್ಕೊಂಡು ಬಾ’ ಎಂದರು. ಸಹಿ ಹಾಕುವವರಿಗೆ ಒಬ್ಬರೇ ಇದ್ದಾಗ ಓದಿ ಹೇಳಬೇಕು ಎಂಬುದು ಅವರ ಇನ್ನೊಂದು ಪದ್ಧತಿ. ಮುನಿರಾಜಣ್ಣನನ್ನು ಕರೆದುಕೊಂಡು ಅವರು ಚಹಾಕ್ಕೆ ಕೆಳಗಿಳಿದರು.

ನಾನು ಓದಿದೆ. ಅಕ್ಕಯ್ಯಮ್ಮ ಸೆರಗು ಹೊದ್ದು, ಕೈ ಕಟ್ಟಿಕೊಂಡು, ಶಾಲೆಯ ಮಗುವಿನ ಹಾಗೆ ಕೇಳಿದರು. ಪಾಲು, ಹಕ್ಕು, ಸ್ವಇಚ್ಛೆ, ಯಾವುದಕ್ಕೂ ತಲೆಯೆತ್ತಲಿಲ್ಲ. ಚೆಕ್ಕುಬಂದಿಗೆ ಬಂದೆ. ಪೂರ್ವಕ್ಕೆ ಬಂಡಿ ಜಾಡು, ಪಶ್ಚಿಮಕ್ಕೆ ದೊಡ್ಡಮುನಿಯಪ್ಪನ ಹೊಲ, ಉತ್ತರಕ್ಕೆ ಕೆರೆ ಕಾಲುವೆ, ದಕ್ಷಿಣಕ್ಕೆ ಊರ ಓಣಿ.

‘ಅದನ್ನ ಇನ್ನೊಂದ್ ಸಲ ಓದು ಮಗ’ ಎಂದರು.

ಓದಿದೆ.

‘ಇದ್ರಾಗೆ ಅವ್ವ ಎಲ್ಲವ್ಳೆ?’

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅವರ ತಾಯಿಯನ್ನು ಮಣ್ಣು ಮಾಡಿದ್ದು ಅದೇ ಹೊಲದಲ್ಲಿ, ದಕ್ಷಿಣದ ತುದಿಯಲ್ಲಿ, ಓಣಿಗೆ ತಾಗಿದ ಹೊಂಗೆ ಮರದ ಕೆಳಗೆ. ಊರಿಗೆ ಬಂದಾಗಲೆಲ್ಲ ಅಕ್ಕಯ್ಯಮ್ಮ ಮೊದಲು ಅಲ್ಲಿ ಹೋಗಿ ಎರಡು ಊದುಬತ್ತಿ ಹಚ್ಚಿ, ಆಮೇಲೆ ತಮ್ಮನ ಮನೆಗೆ ಹೋಗುವುದು. ಮುನಿರಾಜಣ್ಣ ತಂದ ಪತ್ರದ ಚೆಕ್ಕುಬಂದಿ ಅವರ ತಾತನ ಕಾಲದ ಕಾಗದದಿಂದ ಇಳಿಸಿದ್ದು. ಅದನ್ನು ಮೊದಲು ಬರೆದಾಗ ಅವ್ವ ಇನ್ನೂ ಆ ಮನೆಗೆ ಸೊಸೆಯಾಗಿ ಬಂದೇ ಇರಲಿಲ್ಲ. ಪತ್ರದಲ್ಲಿ ಆಕೆ ಇರುವುದಾದರೂ ಹೇಗೆ?

‘ನಂಗೆ ದುಡ್ಡು ಬ್ಯಾಡ, ಪಾಲೂ ಬ್ಯಾಡ’ ಎಂದರು ಅಕ್ಕಯ್ಯಮ್ಮ. ‘ಅವನಿಗೇ ಇರ್ಲಿ. ಅವ್ವ ಇರೋ ತಾವು ಒಂದಿಷ್ಟು ಬಿಡಿ ಅಂತ ಬರ್ಕೊಡಿ. ಇಲ್ಲಾಂದ್ರೆ ನಾಳೆ ಅವಳ ಮ್ಯಾಲೆ ಕಾರು ನಿಲ್ಲಿಸ್ತಾರೆ. ನಾನು ಊರಿಗೆ ಬಂದು ಎಲ್ಲಿಗೆ ಹೋಗ್ಲಿ?’

ಮುನಿರಾಜಣ್ಣ ಮೇಲೆ ಬಂದ ಮೇಲೆ ಇದನ್ನು ಹೇಳಿದೆ. ಅವರ ಮುಖ ಇಳಿದುಹೋಯಿತು. ‘ಮೇಡಂ, ಸಮಾಧಿ ಅಂತ ಒಂದು ಪದ ಪತ್ರದಾಗೆ ಬಂದ್ರೆ ಮುಗೀತು. ಬಿಲ್ಡರು ಮುಟ್ಟಲ್ಲ, ಬ್ಯಾಂಕಿನೋರು ತಿರುಗಿ ನೋಡಲ್ಲ’ ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, ‘ಅಕ್ಕ, ನಾನೇನು ಅವ್ವನ್ನ ಮರ್ತಿದೀನಾ? ಅಮಾಸೆ ಅಮಾಸೆಗೆ ದೀಪ ಹಚ್ಚೋನು ಯಾರು? ಮನೇಲಿ ಫೋಟೋ ಇಕ್ಕಣ, ಅಲ್ಲೇ ಪೂಜೆ ಮಾಡಣ’ ಎಂದರು.

‘ಫೋಟೋದಾಗೆ ಅವ್ವ ಇಲ್ಲ ಕಣೋ ಮುನಿ’ ಎಂದು ಅಕ್ಕಯ್ಯಮ್ಮ ಎದ್ದರು. ಸಹಿ ಹಾಕಲಿಲ್ಲ. ಇಳಿಯುವಾಗ ಮೆಟ್ಟಿಲಲ್ಲಿ ಮುನಿರಾಜಣ್ಣ ಕೈ ಹಿಡಿಯಲು ಬಂದರೆ ಬಿಡಿಸಿಕೊಂಡು ಗೋಡೆ ಹಿಡಿದು ಇಳಿದರು. ಕೆಟ್ಟ ತಮ್ಮನಾಗಿದ್ದರೆ ಬೈದುಕೊಂಡು ಸಮಾಧಾನ ಮಾಡಿಕೊಳ್ಳಬಹುದಿತ್ತು, ಈತ ಕೆಟ್ಟವನಲ್ಲ. ಸಹಿ ಹಾಕದಿದ್ದರೆ ಆಕೆಗೆ ತಮ್ಮನ ಮನೆ ಹೋಗುತ್ತದೆ, ಹಾಕಿದರೆ ಅವ್ವ. ಎರಡರಲ್ಲಿ ಯಾವುದು ಹೋದರೂ ತವರು ಅರ್ಧ ಹೋದ ಹಾಗೆಯೇ.

‘ಏನ್ ಮಾಡೋದು ಸಾರ್?’ ಎಂದೆ.

‘ನಿಯಮ ಏನಿದೆ?’ ಎಂದರು ಜಬ್ಬಾರ್ ಸಾರ್. ‘ನಾಳೆ ಹೋಗು, ನಿಂತ್ಕೋ, ಕೇಳು. ಅವರಿಬ್ರನ್ನೂ ಅಲ್ಲೇ ಬರಕ್ಕೆ ಹೇಳು.’

ಇದೆಂಥ ಉಪಾಯ ಎಂದು ಒಳಗೊಳಗೇ ಗೊಣಗಿಕೊಂಡೆ. ಮನೆ ಒಡೆಯುವಾಗಲೂ ಇವರಿಗೆ ಟೇಪೇ ಮುಖ್ಯ.

ಹೊಲ ಎಂದರೆ ಹೊಲವೇನಲ್ಲ. ಬೇಲಿಯೊಳಗೆ ಗಿಡಗಂಟಿ ಬೆಳೆದು ನಿಂತಿದ್ದ ಜಾಗ. ಬಂಡಿ ಜಾಡಿನ ಮೇಲೆ ಕಂಪನಿಯ ಬಸ್ಸುಗಳು ಓಡುತ್ತಿದ್ದವು. ದೊಡ್ಡಮುನಿಯಪ್ಪನ ಹೊಲದಲ್ಲಿ ಗಾಜಿನ ಕಟ್ಟಡ, ಅದರೊಳಗೆ ಕೊರಳಿಗೆ ಕಾರ್ಡು ತಗುಲಿಸಿಕೊಂಡ ಜನ ಕಾಫಿ ಕುಡಿಯುತ್ತ ನಮ್ಮನ್ನು ನೋಡುತ್ತಿದ್ದರು. ಅಕ್ಕ ಒಂದು ಕಡೆ, ತಮ್ಮ ಒಂದು ಕಡೆ. ಮಧ್ಯದಲ್ಲಿ ಕೊಡೆ ಹಿಡಿದು ನಾನು. ಮಾತು ಶುರುಮಾಡುವುದು ಹೇಗೆಂದು ತಿಳಿಯದೆ ನನಗೆ ಗೊತ್ತಿದ್ದ ಒಂದೇ ಪ್ರಶ್ನೆಯನ್ನು ಕೇಳಿದೆ.

‘ಪೂರ್ವಕ್ಕೆ ಏನಿದೆ ಮುನಿರಾಜಣ್ಣ?’

‘ಮೇನ್ ರೋಡು.’

‘ಪಶ್ಚಿಮಕ್ಕೆ?’

‘ಮೊದ್ಲು ದೊಡ್ಡಮುನಿಯಪ್ಪಂದು. ಈಗ ಈ ಕಂಪನಿ.’

‘ಉತ್ತರಕ್ಕೆ?’

‘ಕಾಲುವೆ. ಅದೇ ಈಗ ಮೋರಿ.’

‘ದಕ್ಷಿಣಕ್ಕೆ?’

‘ದಕ್ಷಿಣಕ್ಕೆ ಅವ್ವ’ ಎಂದರು ಮುನಿರಾಜಣ್ಣ.

ಹೇಳಿದ್ದು ಅವರಿಗೇ ತಿಳಿಯಲಿಲ್ಲ. ಬರೆದುಕೊಳ್ಳುತ್ತಿದ್ದ ನಾನು ತಲೆಯೆತ್ತಿದಾಗ ಅವರು ಹೊಂಗೆ ಮರದ ಕಡೆ ಕೈ ತೋರಿಸುತ್ತ ನಿಂತಿದ್ದರು. ಕಾಗದದಲ್ಲಿ ದಕ್ಷಿಣಕ್ಕೆ ಊರ ಓಣಿ ಇತ್ತು. ಅವ್ವ ಇದ್ದದ್ದು ಓಣಿಗಿಂತ ಈಚೆಗೆ, ಹೊಲದ ಒಳಗೇ. ಆದರೆ ಆ ಹೊಲದಲ್ಲಿ ಉತ್ತು ಬೆಳೆದ ಮನುಷ್ಯನ ಲೆಕ್ಕದಲ್ಲಿ ಹೊಲ ಅಲ್ಲಿಗೆ ಮುಗಿದಿತ್ತು. ಆಕೆಯನ್ನು ಅಲ್ಲಿ ಮಲಗಿಸಿದ ದಿನದಿಂದ ಅವರ ನೇಗಿಲು ಅಲ್ಲಿಗೇ ತಿರುಗಿರಬೇಕು. ಮಾರುವ ಮಾತು ಬಂದಾಗ ಮಾತ್ರ ತಾತನ ಕಾಗದ ಹಿಡಿದು ಓಣಿಯ ತನಕ ಹೋಗಿದ್ದರು.

ಕೈ ನಿಧಾನವಾಗಿ ಕೆಳಗಿಳಿಯಿತು. ‘ನಾನು ಹಂಗಲ್ಲ ಹೇಳಿದ್ದು’ ಎಂದರು.

‘ಹೆಂಗೋ ಹೇಳ್ದೆ. ಬಾಯಿಂದ ಬಂತಲ್ಲ’ ಎಂದರು ಅಕ್ಕಯ್ಯಮ್ಮ. ಆಮೇಲೆ ನನ್ನ ಕಡೆ ತಿರುಗಿ, ‘ಬರ್ಕೋ ಮಗ. ಅವನೇ ಹೇಳವ್ನೆ’ ಎಂದರು.

ಮುನಿರಾಜಣ್ಣ ಹೊಂಗೆ ಮರದ ತನಕ ಹೋಗಿ, ಚಪ್ಪಲಿ ಬಿಟ್ಟು, ಅಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಲೋಟಗಳನ್ನು ಎತ್ತಿ ಆಚೆ ಎಸೆದರು. ಅಕ್ಕನೂ ಹೋದರು. ನಾನು ದೂರದಲ್ಲೇ ಉಳಿದೆ. ಅಲ್ಲಿ ಅಳುವ ಹಕ್ಕು ನನಗೆ ಯಾವ ಲೆಕ್ಕದಲ್ಲೂ ಇರಲಿಲ್ಲ, ಆದರೂ ಅತ್ತೆ. ಕೊಡೆ ಇದ್ದದ್ದು ಒಳ್ಳೆಯದಾಯಿತು.

ಆಫೀಸಿಗೆ ಬಂದು ಬರೆದುಕೊಂಡದ್ದನ್ನು ಸಾರ್ ಮುಂದಿಟ್ಟೆ. ಅವರು ಅದನ್ನು ಓದಿದರು. ಲೋಟ ಎಲ್ಲಿದೆ ಎಂದು ನೋಡಿದೆ, ಅದು ಅವರ ಕೈಯಲ್ಲೇ ಇತ್ತು. ಮರುದಿನ ಅಕ್ಕ ತಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: ‘ಹಕ್ಕು ಬಿಡುಗಡೆ ಬೇಡ. ವಿಭಾಗ ಪತ್ರ ಮಾಡೋಣ. ಹೊಂಗೆ ಮರದಿಂದ ಈಚೆಗೆ ಎಲ್ಲಾ ತಮ್ಮನಿಗೆ. ಮರ, ಮರದ ಕೆಳಗಿನ ಜಾಗ, ಓಣಿ ತನಕ, ಅಕ್ಕನಿಗೆ. ಓಣಿಯಿಂದ ದಾರಿ ಇದೆ, ಯಾರನ್ನೂ ಕೇಳ್ಬೇಕಾಗಿಲ್ಲ. ಬಿಲ್ಡರಿಗೆ ಕೊಡೋ ಜಾಗ ಮರದ ಈಚೆಗೇ ಮುಗೀತು, ಅದರೊಳಗೆ ಸಮಾಧಿ ಇಲ್ಲ. ಆ ಪತ್ರದಲ್ಲಿ ದಕ್ಷಿಣಕ್ಕೆ ನಿಮ್ಮಕ್ಕನ ಹೆಸರು ಬರತ್ತೆ, ಅಷ್ಟೇ.’

ಮುನಿರಾಜಣ್ಣ ಯೋಚನೆ ಮಾಡಿದರು. ‘ಬಿಲ್ಡರಿಗೆ ಇರೋದನ್ನ ಇದ್ದಂಗೇ ಹೇಳ್ಬಿಡ್ತೀನಿ ಸಾರ್. ಅಕ್ಕನ ಹೆಸ್ರು ಬಂದ್ರೆ ನಂಗೇನು ತೊಂದ್ರೆ ಇಲ್ಲ’ ಎಂದರು. ಬಿಲ್ಡರು ಜಾಗದ ಮೂಲೆ ಕತ್ತರಿಸಿದ ಹಾಗಾಯಿತು ಎಂದು ಒಂದಷ್ಟು ದಿನ ಮುನಿಸಿಕೊಂಡು, ಆಮೇಲೆ ಒಪ್ಪಿದ.

ಪತ್ರ ಬರೆದದ್ದು ನಾನು. ತಮ್ಮನ ಜಾಗದ ದಕ್ಷಿಣಕ್ಕೆ ಅಕ್ಕಯ್ಯಮ್ಮನವರ ಜಾಗ, ಅಕ್ಕನ ಜಾಗದ ಉತ್ತರಕ್ಕೆ ಮುನಿರಾಜು ಅವರ ಜಮೀನು. ಅವರಿಬ್ಬರೂ ಒಬ್ಬರಿಗೊಬ್ಬರು ಚೆಕ್ಕುಬಂದಿಯಾದರು. ಓದಿ ಹೇಳುವಾಗ ಅಕ್ಕಯ್ಯಮ್ಮ ಈ ಸಲವೂ ಆ ಭಾಗವನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಸಹಿ ಹಾಕಿದರು. ಇಳಿಯುವಾಗ ಮೆಟ್ಟಿಲಲ್ಲಿ ತಮ್ಮನ ಭುಜ ಹಿಡಿದಿದ್ದರು.

ಇದೆಲ್ಲ ಆಗಿ ವರ್ಷಗಳಾದವು. ಈಗ ನನಗೆ ಇಂದಿರಾನಗರದಲ್ಲಿ ನನ್ನದೇ ಒಂದು ಪುಟ್ಟ ಆಫೀಸಿದೆ, ಅದರ ಪಶ್ಚಿಮಕ್ಕೆ ಜಿಮ್ಮು ಇರುವುದರಿಂದ ದಿನವಿಡೀ ಗೋಡೆ ಅದುರುತ್ತದೆ. ಜಬ್ಬಾರ್ ಸಾರ್ ಕೆಲಸ ಬಿಟ್ಟು ಫ್ರೇಜರ್ ಟೌನಿನ ಮನೆಯಲ್ಲಿ ಮೊಮ್ಮಕ್ಕಳ ಜೊತೆ ಕೇರಂ ಆಡುತ್ತ ಸೋಲುತ್ತಿದ್ದಾರೆ. ಆರಿದ ಬಿರಿಯಾನಿ ತಿಂದ ಆ ಭಾನುವಾರದ ಮರುದಿನ, ಫ್ಲ್ಯಾಟೊಂದನ್ನು ಕೊಳ್ಳುತ್ತಿದ್ದ ದಂಪತಿ ಕಾಗದಗಳನ್ನು ಪರಿಶೀಲನೆಗೆ ತಂದುಕೊಟ್ಟರು. ಗರುಡಾಚಾರ್‌ಪಾಳ್ಯದ ಕಡೆಯ ಅಪಾರ್ಟ್‌ಮೆಂಟು. ಹಾಳೆ ತಿರುವುತ್ತ ಕೊನೆಗೆ ಬಂದೆ. ದಕ್ಷಿಣಕ್ಕೆ ಅಕ್ಕಯ್ಯಮ್ಮನವರ ಜಾಗ ಎಂದಿತ್ತು. ನಾನೇ ಬರೆದ ಮಾತು ಯಾರ್‍ಯಾರದೋ ಕೈ ದಾಟಿ, ನಕಲಿನ ಮೇಲೆ ನಕಲಾಗಿ, ನನ್ನ ಮೇಜಿಗೇ ವಾಪಸು ಬಂದಿತ್ತು.

ಅಕ್ಕಯ್ಯಮ್ಮ ತೀರಿಕೊಂಡು ಜಾಗ ಅವರ ಮಗಳಿಗೆ ಬಂದ ಸುದ್ದಿ ನನಗೆ ಹಿಂದೆಯೇ ತಿಳಿದಿತ್ತು. ನಿಯಮದ ಪ್ರಕಾರ ಆ ಹೆಸರಿನ ಮೇಲೆ ಕೆಂಪು ಗೆರೆ ಎಳೆದು ಆ ಮಗಳ ಹೆಸರು ಬರೆಯಬೇಕು. ಪೆನ್ನು ತೆಗೆದುಕೊಂಡೆ, ಗೆರೆ ಎಳೆಯಲು ಕೈ ಬರಲಿಲ್ಲ. ಅದಕ್ಕೆ ನಿಯಮದ ಇನ್ನರ್ಧವನ್ನು ಹಿಡಿದುಕೊಂಡು, ಕೊಡೆ ತೆಗೆದುಕೊಂಡು ಹೊರಟೆ.

ಅಪಾರ್ಟ್‌ಮೆಂಟು ದೊಡ್ಡದು. ಹಿಂದಿನ ಗೇಟಿನ ಆಚೆ ಓಣಿಗೆ ತಾಗಿ ಹೊಂಗೆ ಮರ ಹಾಗೇ ಇತ್ತು, ಸುತ್ತ ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ಕೆಳಗೆ ಒಂದು ಮಣ್ಣಿನ ದೀಪ, ಒಣಗಿದ ಹೂವು. ಓಣಿಯ ತುಂಬ ಬೈಕುಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದರು, ಕಟ್ಟೆಯ ಹತ್ತಿರ ಮಾತ್ರ ಒಂದೂ ಇಲ್ಲ. ಗೇಟಿನಲ್ಲಿದ್ದ ವಾಚ್‌ಮನ್ ಎಲ್ಲೋ ಉತ್ತರದ ಕಡೆಯವನು, ಕನ್ನಡ ಈಚೆಗೆ ಕಲಿತ ಹಾಗಿತ್ತು. ಕೇಳಿದೆ.

‘ಈ ಜಾಗ ಯಾರ್ದಪ್ಪ?’

‘ಅದು ಅಕ್ಕಯ್ಯಮ್ಮಂದು ಮೇಡಂ.’

‘ಅವರು ಯಾರು?’

‘ನಾನು ನೋಡಿಲ್ಲ. ಒಬ್ರು ಅಜ್ಜ ಬರ್ತಾರೆ, ಅಮಾಸೆಗೆ. ದೀಪ ಹಾಕ್ತಾರೆ. ಇದು ನಮ್ಮಕ್ಕ ಅಕ್ಕಯ್ಯಮ್ಮಂದು, ಇಲ್ಲಿ ಗಾಡಿ ನಿಲ್ಸಕ್ಕೆ ಬಿಡ್ಬೇಡ ಅಂತ ಹೇಳಿದಾರೆ. ನಾನು ಬಿಡಲ್ಲ.’

ಅಲ್ಲಿಂದಲೇ ಜಬ್ಬಾರ್ ಸಾರ್‌ಗೆ ಫೋನ್ ಮಾಡಿದೆ. ಎಲ್ಲಿದ್ದೇನೆ ಎಂದು ಹೇಳಿದೆ. ಆಕೆ ಈಗ ಇಲ್ಲ, ಗೆರೆ ಎಳೆದು ಮಗಳ ಹೆಸರು ಬರೆಯಬೇಕೇ ಎಂದು ಕೇಳಿದೆ. ಹಿಂದೆ ಮೊಮ್ಮಕ್ಕಳ ಗಲಾಟೆ ಕೇಳಿಸುತ್ತಿತ್ತು.

‘ಜಾಗದಲ್ಲಿ ಇರೋರನ್ನ ಕೇಳಿದ್ಯಾ?’

‘ಕೇಳ್ದೆ ಸಾರ್. ಅಕ್ಕಯ್ಯಮ್ಮಂದು ಅಂದ.’

‘ಅಂದ್ಮೇಲೆ ನನ್ನ ಯಾಕೆ ಕೇಳ್ತೀಯ ಬೇಟಾ’ ಎಂದರು. ‘ಮಗಳ ಹೆಸರು ಪಕ್ಕದಲ್ಲಿ ಸೇರಿಸು. ಅಕ್ಕಯ್ಯಮ್ಮನ್ನ ತೆಗೀಬೇಡ.’